ಬಿಲ್ಲೆ

ತಾರ್ತುವಿನ ರಂಗಮಂದಿರದಲ್ಲಿ
ಕೋಟು ಕಾಯುವ ಕೆಲಸ ನನ್ನ ಚಿಕ್ಕಮ್ಮ ಹಿಲ್ಯೆಗೆ.
ಅಕ್ಟೋಬರಿನಿಂದ ಏಪ್ರಿಲಿನವರೆಗೆ ಅವಳ ಮೈಗೆ
ಊರವರ ಉಣ್ಣೆಯದೇ ವಾಸನೆ:
ಕರಗಿದ ಹಿಮ, ನಾಯಿ, ಹೊಗೆಸೊಪ್ಪು.
ಕೋಟು ಕೊಟ್ಟವರ ಕೈಗೊಂದು ಹಿತ್ತಾಳೆ ಬಿಲ್ಲೆ.
ಹೆಸರು ಕೇಳಳು, ಮುಖ ನೋಡಳು.
ಬಿಲ್ಲೆ ತಂದವರೇ ಕೋಟಿಗೆ ಧಣಿ.

ನನ್ನದೂ ಅದೇ ಕಸುಬು ಎಂದರೆ ನಂಬುವುದಿಲ್ಲ.
ಬೆಚ್ಚಗೆ ಕೂತು ಜಾವಾ ಬರೆಯುವವಳು ನೀನು,
ನಿನ್ನ ತೋಳು ನೋಯುತ್ತದೆಯೇ, ಅನ್ನುತ್ತಾಳೆ.

ಹೇಗೆ ಹೇಳಲಿ. ಆಸ್ಪತ್ರೆಯ ಸರ್ವರಿಗೆ
ಮರೆವು ಹುಟ್ಟುಗುಣ.
ಈಗ ತಾನೇ ಮಾತಾಡಿಸಿ ಹೋದವರನ್ನೂ
ಮತ್ತೆ ಬಾಗಿಲು ತಟ್ಟಿದರೆ ಯಾರು ನೀನು ಅನ್ನುತ್ತದೆ.
ಅದಕ್ಕೇ ಒಂದು ಬಿಲ್ಲೆ: ಮೂವತ್ತೆರಡು ಅಕ್ಷರ,
ಅರ್ಥವಿಲ್ಲದ್ದು. ಅರ್ಥವಿದ್ದರೆ ಊಹಿಸಿಬಿಡುತ್ತಾರೆ.
ನಿನ್ನ ನೂರ ಹದಿನೇಳರ ಪಕ್ಕ ನೂರ ಹದಿನೆಂಟು;
ನಮ್ಮಲ್ಲಿ ಪಕ್ಕ ಎಂಬುದೇ ಇಲ್ಲ.

ನೂರ ಹದಿನೇಳು ಅಂದದ್ದೇ ತಡ, ಅವಳ ಹುಬ್ಬು ಗಂಟಾಯಿತು.
ಸೋವಿಯತ್ ಕಾಲ. ಮೆಟ್ಟಿಲ ಮೇಲೆ ಬಿದ್ದಿತ್ತಂತೆ ಅದು.
ಯಾರೋ ಹೆಕ್ಕಿ ತಂದು,
ನರಿತುಪ್ಪಳದ ಕಾಲರಿನ ಕೋಟು ತೊಟ್ಟು
ಇವಳಿಗೇ ಶುಭರಾತ್ರಿ ಹೇಳಿ ಹೋದ.
ಮೂರು ತಿಂಗಳ ಸಂಬಳ ಮುರಿದುಕೊಂಡರು.
ಕಳ್ಳನ ಹಾಗೆ ಇರಲೇ ಇಲ್ಲ ಕಣೇ, ಅನ್ನುತ್ತಾಳೆ,
ಇವತ್ತಿಗೂ.

ಹೋದ ಫೆಬ್ರವರಿ ನನ್ನ ಸರದಿ.
ಕಳ್ಳರ ಹೆಜ್ಜೆ ಹಿಡಿಯಲೆಂದು ನಾನೇ ಇಟ್ಟ ಲಾಗ್
ಬಂದ ಬಂದವರ ಬಿಲ್ಲೆಯನ್ನು ಇಡಿಯಾಗಿ ಬರೆದಿಡುತ್ತಿತ್ತು,
ಹನ್ನೊಂದು ದಿನ.
ಬೇಲಿ ಎದ್ದು ಹೊಲ ಮೇಯುವಾಗ ಸದ್ದಾಗುವುದಿಲ್ಲ.
ಪುಣ್ಯಕ್ಕೆ ಯಾರ ಕೈಗೂ ಸಿಕ್ಕಿರಲಿಲ್ಲ.
ಆ ರಾತ್ರಿಯೇ ಎಲ್ಲ ಬಿಲ್ಲೆ ರದ್ದು ಮಾಡಿದೆ.
ಕುಕಿಗೆ ಬೀಗ, ಹಾದಿಗೆ ಗೂಢಲಿಪಿ,
ಲಾಗಿನ್ ಆದೊಡನೆ ಹಳೆಯದು ಎಸೆದು ಹೊಸದು.
ಮೂವತ್ತು ನಿಮಿಷವಿದ್ದ ಅವಧಿ ಹತ್ತಾಯಿತು.
ಹಾಯಾಗಿ ಮಲಗಿದೆ.

ಫೋನು ಬಂದದ್ದು ಎಂಡೆಲ್ ಅವರದು. ಎಂಬತ್ತಮೂರು ವರ್ಷ.
ಪಿಯಾನೊಗಳಿಗೆ ಶ್ರುತಿ ಕೂಡಿಸುತ್ತಿದ್ದ ಕೈ,
ಈಗ ಒಂದೇ ಬೆರಳು ಮಾತು ಕೇಳುತ್ತದೆ.
ವೈದ್ಯರಿಗೆ ಬರೆಯುತ್ತಾರೆ, ಅವಧಿ ಮುಗಿಯುತ್ತದೆ,
ಬರೆದದ್ದೆಲ್ಲ ಮಾಯ. ಮೂರು ಸಲ.
ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ.
'ಪ್ರತಿ ಸಲವೂ ಇನ್ನಷ್ಟು ಚಿಕ್ಕದಾಗಿ ಬರೆದೆ, ಮಗೂ.
ಇನ್ನು ಬಿಡಲು ಉಳಿದದ್ದು ನನ್ನ ಹೆಸರೊಂದೇ.'

ಅವಧಿ ಹೆಚ್ಚಿಸುವಂತಿಲ್ಲ.
ವಾರ್ಡಿನ ಹಜಾರದಲ್ಲಿ ಹತ್ತಾರು ಜನ ಹಂಚಿಕೊಳ್ಳುವ
ಪರದೆಗಳಿವೆ, ಎದ್ದುಹೋದವರ ರೋಗ ತೆರೆದಿಟ್ಟುಕೊಂಡು.

ಆಟ ಮುಗಿದು ಒಂದು ಕೋಟು ಉಳಿದರೆ
ಏನು ಮಾಡುತ್ತೀ, ಕೇಳಿದೆ ಚಿಕ್ಕಮ್ಮನನ್ನು.
'ದೀಪ ಆರಿಸುತ್ತೇನೆ. ಬೀಗ ಜಡಿಯುತ್ತೇನೆ.
ಕೋಟನ್ನೇನು ಬೀದಿಗೆ ಎಸೆಯಲೇ?
ಮರುದಿನ ಬಂದರೆ ಬಣ್ಣ ಯಾವುದು, ಗುಂಡಿ ಎಷ್ಟು,
ಎಲ್ಲ ಮೊದಲಿನಿಂದ ಕೇಳುತ್ತೇನೆ.
ಕಿಸೆಗೆ ಮಾತ್ರ ಕೈ ಹಾಕುವುದಿಲ್ಲ.'

ಗುರುವಾರ ಹಾಗೆಯೇ ಬರೆದೆ.
ಹತ್ತು ನಿಮಿಷಕ್ಕೆ ಬಿಲ್ಲೆ ಸಾಯುತ್ತದೆ. ಸಾಯಲಿ.
ಅರ್ಧ ಬರೆದ ಓಲೆ ಕತ್ತಲೆಯಲ್ಲಿ, ಬೀಗದೊಳಗೆ,
ತನ್ನ ಮೊಳೆಗೆ ತೂಗಿಕೊಂಡಿರುತ್ತದೆ.

ಇವತ್ತು ಎರಡೂ ಆರಕ್ಕೆ ಒಂದು ಬಿಲ್ಲೆ ಸತ್ತಿತು.
ಎರಡೂ ಒಂಬತ್ತಕ್ಕೆ ಅದೇ ಮನುಷ್ಯ, ಹೊಸ ಬಿಲ್ಲೆ.
ಅದೂ ಸತ್ತಿತು. ಮತ್ತೊಂದು.
ಮೂರೂ ಎರಡಕ್ಕೆ ಓಲೆ ಹೊರಟಿತು.
ಲಾಗಿನಲ್ಲಿ ಅಷ್ಟೇ ಇದೆ, ಉದ್ದವೊಂದು:
ಎಂಟುನೂರ ಹದಿನಾಲ್ಕು ಅಕ್ಷರ.